ಕ್ರಾಂತಿಕುಮಾರನ ಲ್ಯಾಪ್‌ಟಾಪಿಗೆ ಬಾಯಿ ಬಂದದ್ದು

ಹಡಗಲಿ ಸೀಮೆಯಲ್ಲಿ ಮದುವೆ ಕಾರ್ಡು ಸಣ್ಣ ವಿಷಯವಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ಜನ ಹೇಗೋ ಉಂಡು ಹೋಗುತ್ತಾರೆ. ‘ಸುಖಾಗಮನ ಬಯಸುವವರು’ ಎಂಬ ಸಾಲಿನ ಕೆಳಗೆ ದೊಡ್ಡಪ್ಪನಿಗಿಂತ ಮೊದಲು ಚಿಕ್ಕಪ್ಪನ ಹೆಸರು ಬಂತೋ, ಮುಗಿಯಿತು. ಆ ಎರಡು ಮನೆಗಳ ನಡುವೆ ಮೊಮ್ಮಕ್ಕಳ ಕಾಲಕ್ಕೂ ಮಾತಿರುವುದಿಲ್ಲ. ಇಂಥ ಎಷ್ಟೋ ಜಗಳಗಳನ್ನು ಹುಟ್ಟುವ ಮೊದಲೇ ತಡೆದವನು ನನ್ನ ಗೆಳೆಯ ಕ್ರಾಂತಿಕುಮಾರ. ಗುರುಸಂಗಪ್ಪನವರ ಪ್ರೆಸ್ಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಕನ್ನಡ ಟೈಪ್ ಮಾಡುವುದು ಅವನ ಕೆಲಸ. ಕಾರ್ಡಿಗೆಂದು ಹೆಸರು ಬರೆದು ತಂದವರನ್ನು ಅವನು ಮೆಲ್ಲಗೆ ಪಕ್ಕಕ್ಕೆ ಕರೆದು, ಇಟ್ಟಿಗಿ ಊರಿನ ಸೋದರಮಾವನನ್ನು ಬಿಟ್ಟಿದ್ದೀರಲ್ಲ, ಮರೆತದ್ದೋ ಬೇಕೆಂದೇ ಬಿಟ್ಟದ್ದೋ ಎಂದು ಕೇಳುತ್ತಿದ್ದ. ತಾಲ್ಲೂಕಿನ ಅರ್ಧ ಬೀಗತನಗಳು ಅವನ ತಲೆಯಲ್ಲಿದ್ದವು.

ಹೆಸರೊಂದು ಮಾತ್ರ ಅವನಿಗೆ ಒಗ್ಗಿದ್ದಲ್ಲ. ಅಪ್ಪ ಪಕ್ಕೀರಪ್ಪ ಸಂಘ, ಸಭೆ, ಮೆರವಣಿಗೆ ಎಂದು ಓಡಾಡಿದವರು. ಮಗ ಲೋಕವನ್ನೇ ತಿರುವಿ ಹಾಕುತ್ತಾನೆಂದು ಈ ಹೆಸರಿಟ್ಟರು. ಮಗ ತಿರುವಿ ಹಾಕಿದ್ದು ಎಂದರೆ ಪ್ರೂಫಿನ ಹಾಳೆಗಳನ್ನು. ಅವನು ಜೋರಾಗಿ ಮಾತಾಡಿದ್ದನ್ನು ನಾನು ಶಾಲೆಯ ದಿನದಿಂದಲೂ ಕೇಳಿಲ್ಲ. ನನ್ನದು ಅದಕ್ಕೆ ತದ್ವಿರುದ್ಧ. ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲು, ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ‘ಏನೂ ಮಾಡಿಲ್ಲ, ತಾನೇ ಕೆಟ್ಟೈತ್ರಿ’ ಎಂದು ಬರುವವರ ಮೇಲೆ ರೇಗಿ ರೇಗಿ ಅರ್ಧ ಗಿರಾಕಿಗಳನ್ನು ಓಡಿಸಿದ್ದೇನೆ. ಹಂಪೇಶನ ಕೈ ಬೇಕು, ಬಾಯಿ ಬೇಡ ಎಂದು ಊರಲ್ಲಿ ಮಾತೇ ಇದೆ.

ಹೋದ ವರ್ಷ ಕ್ರಾಂತಿ ಚಹಾದ ಲೋಟಕ್ಕೆ ಕೈ ತಾಗಿಸಿ ಉರುಳಿಸತೊಡಗಿದ. ಎದುರಿಗಿದ್ದದ್ದು ಕಾಣುತ್ತಿತ್ತು, ಪಕ್ಕದ್ದು ಕಾಣುತ್ತಿರಲಿಲ್ಲ. ಹುಬ್ಬಳ್ಳಿಯ ಡಾಕ್ಟರು ನೋಡಿ, ಕಣ್ಣಿನ ಹಿಂದಿನ ಪರದೆ ಒಣಗುತ್ತಾ ಬರುತ್ತಿದೆ, ಇದಕ್ಕೆ ಔಷಧಿಯಿಲ್ಲ, ಇನ್ನೂ ಕಡಿಮೆಯಾಗುತ್ತದೆ ಎಂದರು. ಹೆಂಡತಿ ಶಿವಗಂಗಾ ಅಂಗನವಾಡಿ ಶಿಕ್ಷಕಿ. ಎಷ್ಟು ದಿನದಲ್ಲಿ ಎಂದು ಮೂರು ಸಲ ಕೇಳಿದಳಂತೆ. ಡಾಕ್ಟರು ಹೇಳಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಅವನಿಗೆ ಸ್ಕ್ರೀನ್ ಮೇಲಿನ ಒಂದು ಪದ ಕಂಡರೆ ಪಕ್ಕದ ಪದ ಕಾಣದಂತಾಯಿತು. ಬೆರಳು ಮಾತ್ರ ಮೊದಲಿನ ಹಾಗೇ ಓಡುತ್ತಿದ್ದವು. ಟೈಪ್ ಮಾಡಿದ್ದನ್ನು ಓದಿ ತಿದ್ದಲು ಆಗುತ್ತಿರಲಿಲ್ಲ, ಅಷ್ಟೆ. ಆದರೆ ಪ್ರೆಸ್ಸಿನ ಕೆಲಸದಲ್ಲಿ ಆ ‘ಅಷ್ಟೆ’ಯೇ ಎಲ್ಲ.

ಗುರುಸಂಗಪ್ಪನವರು ಕೆಟ್ಟ ಮನುಷ್ಯರಲ್ಲ. ಕೆಟ್ಟವರಾಗಿದ್ದರೆ ನನಗೆ ಬೈಯಲಾದರೂ ಅನುಕೂಲವಾಗುತ್ತಿತ್ತು. ಕಾರ್ತಿಕ ಕಳೆದು ಮದುವೆಯ ಸೀಜನ್ ಶುರುವಾಗುವತನಕ ಕುರ್ಚಿ ನಿನ್ನದೇ, ಅಷ್ಟರೊಳಗೆ ಏನಾದರೂ ದಾರಿ ಹುಡುಕಿಕೋ ಎಂದು ಅವನಿಗೆ ಹೇಳಿದ್ದರು. ಡಿಗ್ರಿ ಮುಗಿಸಿದ್ದ ಚಂದನಾ ಎಂಬ ಹುಡುಗಿಯನ್ನು ನೋಡಿಯೂ ಇಟ್ಟಿದ್ದರು.

ದಾರಿ ಅವನಿಗೆ ಬಸ್ಸಿನಲ್ಲಿ ಸಿಕ್ಕಿತು. ಹರಪನಹಳ್ಳಿಯ ಕಡೆಯ ಒಬ್ಬ ಅಂಧ ಮೇಷ್ಟ್ರು ಪಕ್ಕದಲ್ಲಿ ಕೂತು, ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್ ಇದೆ, ವಿಂಡೋಸ್ ಬದಲು ಹಾಕುವ ಲಿನಕ್ಸಿನಲ್ಲಿ ಪುಕ್ಕಟೆ ಬರುತ್ತದೆ, ಹಳೇ ಮಷೀನಿನಲ್ಲೂ ನಡೆಯುತ್ತದೆ ಎಂದಿದ್ದರಂತೆ. ಮಾರನೇ ದಿನವೇ ಕ್ರಾಂತಿ ಶಿವಗಂಗಾಳ ಕೈ ಹಿಡಿದುಕೊಂಡು ನನ್ನ ಅಂಗಡಿಗೆ ಬಂದ. ಬಗಲಲ್ಲಿ ಒಂದು ಲ್ಯಾಪ್‌ಟಾಪ್. ಮಗಳು ಸುಮಂಗಲಾ ನರ್ಸಿಂಗ್ ಓದುವಾಗ ಯಾರೋ ಬಳಸಿ ಬಿಟ್ಟದ್ದನ್ನು ಕೊಂಡದ್ದು. ಅವಳು ಈಗ ಹೊಸಪೇಟೆಯಲ್ಲಿ ನೌಕರಿಯಲ್ಲಿದ್ದಾಳೆ. ಬ್ಯಾಟರಿ ಸತ್ತು ಯಾವ ಕಾಲವಾಗಿತ್ತೋ. ಮೆಮೊರಿ ಒಂದೇ ಒಂದು ಜಿಬಿ. ಈಗಿನ ಮಕ್ಕಳ ಆಟದ ಫೋನಿನಲ್ಲೂ ಅದಕ್ಕಿಂತ ಹೆಚ್ಚಿರುತ್ತದೆ.

ಪ್ರೆಸ್ಸಿನ ಕಂಪ್ಯೂಟರಿಗೇ ಹಾಕೋಣ ಎಂದೆ. ಗುರುಸಂಗಪ್ಪನವರು ಒಪ್ಪುವುದಿಲ್ಲ ಎಂದ. ಅದು ಹೇಗೋ ನಡೆಯುತ್ತಿದೆ, ನಡೆಯುವುದನ್ನು ಮುಟ್ಟಬಾರದು ಎಂಬುದು ಅವರ ಸಿದ್ಧಾಂತ. ಪ್ರೆಸ್ಸಿನವರೆಲ್ಲರ ಸಿದ್ಧಾಂತವೂ ಅದೇ. ಹಾಗಾದರೆ ಈ ಡಬ್ಬಿಯನ್ನು ಗುಜರಿಗೆ ಹಾಕು, ಇದರಲ್ಲಿ ಹಾಡೂ ನಡೆಯುವುದಿಲ್ಲ ಎಂದು ನನ್ನ ಬಾಯಿ ಎಂದಿನಂತೆ ಮುಂದೆ ಓಡಿತು. ಅವನು ಸಿಟ್ಟಾಗಲಿಲ್ಲ.

“ಲೇ ಹಂಪೇಶಿ, ಕಣ್ಣು ಹೋಗೋದು ಹೋಗ್ತಾವ. ನಾ ಬರದದ್ದು ನನಗ ಕೇಳಿದ್ರ ಸಾಕು. ತಪ್ಪು ನಾನ ತಿದ್ದಿಕೊಂತೀನಿ. ಇಷ್ಟು ಮಾಡಿಕೊಡು.”

ಇಷ್ಟು ಮಾಡಿಕೊಡು ಎಂದು ಅವನು ಜೀವಮಾನದಲ್ಲಿ ಮೊದಲ ಸಲ ಕೇಳಿದ್ದು. ಇಟ್ಟು ಹೋಗು ಎಂದೆ.

ನನಗೆ ಲಿನಕ್ಸ್ ಅಷ್ಟಕ್ಕಷ್ಟೆ. ಮೊದಲು ಎಲ್ಲರೂ ಹೊಗಳುವ ಒಂದು ಬಗೆಯ ಲಿನಕ್ಸನ್ನು ಪೆನ್‌ಡ್ರೈವಿಗೆ ಇಳಿಸಿ ಚುಚ್ಚಿದೆ. ಈ ಪ್ರೊಸೆಸರ್ ನನಗೆ ಆಗಿಬರುವುದಿಲ್ಲ ಎಂದು ಒಂದು ಸಾಲು ಬರೆದು ಅದು ಸುಮ್ಮನಾಯಿತು. ಹಳೇ ಪ್ರೊಸೆಸರಿಗೆ ಹೊಂದುವ ಇನ್ನೊಂದನ್ನು ಹುಡುಕಿದೆ. ಅದು ಅರ್ಧಕ್ಕೆ ಬಂದು ನಿಂತಿತು. ಮೆಮೊರಿ ಪಟ್ಟಿಯನ್ನು ಕಿತ್ತು ಅದರ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂಡಿಸಿದೆ. ನಮ್ಮ ಕಸುಬಿನಲ್ಲಿ ಅದೇ ಮೊದಲ ಮದ್ದು. ಮುಂದೆ ಹೋಯಿತು. ಇನ್ನೇನು ಮುಗಿಯಿತು ಎನ್ನುವಾಗ ಕರೆಂಟು ಹೋಯಿತು. ಬ್ಯಾಟರಿ ಇಲ್ಲದ ಮಷೀನು, ಕಣ್ಣು ಮುಚ್ಚಿಕೊಂಡಿತು. ಕರೆಂಟು ಬಂದ ಮೇಲೆ ನೋಡಿದರೆ ಹಳೆಯ ವಿಂಡೋಸೂ ಇಲ್ಲ, ಹೊಸ ಲಿನಕ್ಸೂ ಇಲ್ಲ. ಕಪ್ಪು ಸ್ಕ್ರೀನಿನ ಮೂಲೆಯಲ್ಲಿ ಒಂದು ಗೆರೆ ಮಿಟುಕುತ್ತಿತ್ತು. ನಾನು ಆ ಲ್ಯಾಪ್‌ಟಾಪಿನ ತಂದೆತಾಯಿಗಳನ್ನೂ ಬಿಡದೆ ಬೈದೆ.

ಕ್ರಾಂತಿ ದಿನಾ ಸಂಜೆ ಪ್ರೆಸ್ಸಿನಿಂದ ನೇರ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದ. ಏನಾಯಿತು ಎಂದು ಕೇಳುತ್ತಿರಲಿಲ್ಲ. ಕೇಳಿದ್ದರೆ ರೇಗಬಹುದಿತ್ತು. ಗೋಡೆಯ ಕಡೆ ಮುಖ ಮಾಡಿ ಕೂತು, ನಾನು ಕೀಬೋರ್ಡಿನಲ್ಲಿ ಒತ್ತುವ ಕೀಲಿಗಳ ಸದ್ದನ್ನೇ ಕೇಳುತ್ತಿದ್ದ. ಒಮ್ಮೆ, ನೀ ಅದೇ ಕೀಲಿ ಎರಡು ಸಲ ಹೊಡೆದೆ ನೋಡು ಎಂದ. ಹೊಡೆದಿದ್ದೆ ಕೂಡ. ಆ ದಿನಗಳಲ್ಲಿ ಅವನ ಕಣ್ಣು ಎಷ್ಟು ಉಳಿದಿದೆ ಎಂದು ಅಳೆಯುವ ಒಂದು ಕೆಟ್ಟ ಚಟ ನನಗೆ ಬಂದಿತ್ತು. ಚಹಾ ತರಿಸಿ ಅವನ ಮುಂದಿಟ್ಟು, ಅವನ ಕೈ ನೇರ ಲೋಟಕ್ಕೆ ಹೋಗುತ್ತದೋ ಬೆಂಚನ್ನು ತಡವುತ್ತದೋ ನೋಡುತ್ತಿದ್ದೆ. ಕೊನೆಕೊನೆಗೆ ತಡವುತ್ತಲೇ ಇತ್ತು. ಇವನ ಕಣ್ಣು ಹೋಗುವುದು ಮೊದಲೋ ಈ ಮಷೀನು ಮಾತಾಡುವುದು ಮೊದಲೋ ಎಂದು ನನಗೆ ಒಳಗೊಳಗೇ ಹೆದರಿಕೆಯಾಗುತ್ತಿತ್ತು.

ಮತ್ತೆ ಮೊದಲಿನಿಂದ ಶುರು ಮಾಡಿದೆ. ಈ ಸಲ ಪಕ್ಕದ ಅಂಗಡಿಯವರ ಇನ್ವರ್ಟರಿನಿಂದ ವಯರ್ ಎಳೆದುಕೊಂಡೆ. ಇನ್‌ಸ್ಟಾಲ್ ಆಯಿತು. ವೈಫೈ ಸಿಗಲಿಲ್ಲ, ಫೋನನ್ನೇ ವಯರಿನಿಂದ ಕಟ್ಟಿ ನೆಟ್ ಕೊಟ್ಟೆ. ಓದುವ ಸಾಫ್ಟ್‌ವೇರ್ ಹಾಕಿದೆ. ಒಂದು ಜಿಬಿಯಲ್ಲಿ ಸ್ಕ್ರೀನಿನ ಅಲಂಕಾರಕ್ಕೇ ಮುಕ್ಕಾಲು ಹೋಗಿ, ಧ್ವನಿ ಒಂದಕ್ಷರ ನುಡಿದು, ಉಸಿರು ಎಳೆದುಕೊಂಡು, ಸ್ವಲ್ಪ ಹೊತ್ತಿಗೆ ಇನ್ನೊಂದಕ್ಷರ ನುಡಿಯುತ್ತಿತ್ತು. ಉಬ್ಬಸದವರ ಹಾಗೆ. ಹಾಗಾಗಿ ಅಲಂಕಾರವನ್ನೆಲ್ಲ ಕಿತ್ತೆಸೆದೆ. ಚಿತ್ರ ಬೇಡ, ಬ್ರೌಸರ್ ಬೇಡ, ಗಡಿಯಾರವೂ ಬೇಡ. ಟೈಪ್ ಮಾಡುವ ಒಂದು ಬರಿಯ ಪುಟ, ಅದನ್ನು ಓದುವ ಒಂದು ಬಾಯಿ, ಇವೆರಡೇ ಉಳಿದವು. ಮೆಮೊರಿ ಸಾಲದಾದಾಗ ಡಿಸ್ಕಿನಿಂದ ಕಡ ತೆಗೆದುಕೊಳ್ಳುವಂತೆಯೂ ಜಾಗ ಮಾಡಿಟ್ಟೆ.

ಕೊನೆಗೊಂದು ಸಂಜೆ ನೆಟ್ಟಿನಿಂದ ತೆಗೆದ ಒಂದು ಕನ್ನಡ ಸುದ್ದಿಯನ್ನು ಅಂಟಿಸಿ ಕೀಲಿ ಒತ್ತಿದೆ. ಮಷೀನು ಓದಿತು. ಮೂಗಿನಿಂದ ಬರುವ ದನಿ, ಯಾವ ಊರಿನದೂ ಅಲ್ಲದ ರಾಗ. ಆದರೂ ಕನ್ನಡ, ತಡೆಯಿಲ್ಲದ ಕನ್ನಡ. ಕ್ರಾಂತಿ ಸ್ಟೂಲಿನಿಂದ ಎದ್ದು ಬಂದು ಕೂತ. ಅವನ ಹತ್ತೂ ಬೆರಳು ಕೀಲಿಗಳ ಮೇಲೆ ತಾವಾಗಿಯೇ ಜಾಗ ಹಿಡಿದವು. ‘ಶಿವಗಂಗಾ’ ಎಂದು ಟೈಪ್ ಮಾಡಿದ. ಶಿವಗಂಗಾ ಎಂದಿತು ಮಷೀನು. ಬೇಕೆಂದೇ ಒಂದಕ್ಷರ ತಪ್ಪಿಸಿ ಬರೆದ. ತಪ್ಪಾಗಿಯೇ ಓದಿತು. ಅವನು ನಕ್ಕ. ನನಗೂ ಸಂತೋಷ ತಡೆಯಲಾಗಲಿಲ್ಲ, ಪಕ್ಕದಂಗಡಿಯವರಿಗೆಲ್ಲ ಮಿರ್ಚಿ ಬಜ್ಜಿ ತರಿಸಿದೆ.

ಮುಂದಿನ ವಾರವೆಲ್ಲ ಅವನು ಕೀಲಿಗಳನ್ನು ಕಲಿತ. ಸಾಲು ಓದಿಸುವುದು, ಅಕ್ಷರ ಅಕ್ಷರ ಓದಿಸುವುದು, ನಡುವೆ ಸುಮ್ಮನಾಗಿಸುವುದು. ನನಗಿಂತ ಬೇಗ ಕಲಿತ. ಆಮೇಲೆ ಗುರುಸಂಗಪ್ಪನವರ ಹತ್ತಿರ ಹೋಗಿ, ಒಂದು ಫೈಲು ಕೊಡಿ, ಕೇಳಿ ತಪ್ಪು ಹೇಳುತ್ತೇನೆ, ಹೇಳಿದರೆ ಕುರ್ಚಿ ಇರಲಿ ಎಂದ. ಅವರು ಸಂತೋಷದಿಂದಲೇ ಒಪ್ಪಿದರು. ಹಂಪಸಾಗರದವರ ಒಂದು ಮದುವೆ ಕಾರ್ಡು, ಎರಡು ವರ್ಷದ ಹಿಂದೆ ಕ್ರಾಂತಿಯೇ ಟೈಪ್ ಮಾಡಿದ್ದು. ಅದರ ತಿದ್ದುವ ಮೊದಲಿನ ಬರಹವನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ತಾವೇ ನನ್ನ ಅಂಗಡಿಗೆ ಬಂದರು. ಶಿವಗಂಗಾ ಕೂಡ ಅಂಗನವಾಡಿ ಮುಗಿಸಿ ಬಂದಿದ್ದಳು. ಕ್ರಾಂತಿ ಅಂಗಿಯ ತೋಳು ಮಡಿಸಿಕೊಂಡು ಬಂದಿದ್ದ, ಪರೀಕ್ಷೆಗೆ ಬಂದವರ ಹಾಗೆ.

ಆ ಕಾರ್ಡಿನ ಮೊದಲ ಸಾಲು ಎಲ್ಲರಿಗೂ ಗೊತ್ತಿದ್ದದ್ದೇ, ಶ್ರೀ ಮೈಲಾರಲಿಂಗೇಶ್ವರ ಪ್ರಸನ್ನ. ಕ್ರಾಂತಿ ಕೀಲಿ ಒತ್ತಿದ. ಮಷೀನು ಗಂಟಲು ಸರಿಮಾಡಿಕೊಂಡು, ಎ ಎಂದಿತು. ಆಮೇಲೆ ಯೆನ್ ಎಂದಿತು. ಎ, ಇ, ಪೌಂಡ್, ಎ, ಕ್ಯೂ. ದೇವರ ಹೆಸರಿರಬೇಕಾದಲ್ಲಿ ಜಪಾನಿನ ದುಡ್ಡು, ಇಂಗ್ಲೆಂಡಿನ ದುಡ್ಡು. ಅವನು ನಿಲ್ಲಿಸಿ ಮತ್ತೆ ಮೊದಲಿನಿಂದ ಓದಿಸಿದ. ಮತ್ತದೇ. ನಾನು ಸ್ಕ್ರೀನ್ ನೋಡಿದೆ. ಅಲ್ಲಿದ್ದದ್ದೂ ಅದೇ, ತಲೆಯ ಮೇಲೆ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು. ಒಂದೂ ಕನ್ನಡ ಅಕ್ಷರವಿರಲಿಲ್ಲ.

ಆಗ ನನಗೆ ಹೊಳೆಯಿತು. ನಮ್ಮ ಕಡೆಯ ಪ್ರೆಸ್ಸುಗಳು ಮೊದಲಿನಿಂದಲೂ ಹಾಗೆಯೇ ಟೈಪ್ ಮಾಡುತ್ತಾ ಬಂದಿವೆ. ಒಳಗೆ ಕೂರುವುದು ಇಂಗ್ಲಿಷಿನ ಚಿಹ್ನೆ. ಅದರ ಮೇಲೆ ಹಳೇ ಫಾಂಟು ಕನ್ನಡದ ಮುಖವಾಡ ಇಡುತ್ತದೆ. ಕಣ್ಣಿರುವವರಿಗೆ ಕಾಣುವುದು ಮುಖವಾಡ ಮಾತ್ರ, ಅದು ಚೆನ್ನಾಗಿಯೂ ಇರುತ್ತದೆ, ಅಚ್ಚೂ ಚೆನ್ನಾಗಿ ಬರುತ್ತದೆ. ಯಾರೂ ಒಳಗೇನಿದೆ ಎಂದು ಕೇಳಬೇಕಾಗಿಯೇ ಇರಲಿಲ್ಲ. ಓದುವ ಮಷೀನಿಗೆ ಮುಖ ಕಾಣುವುದಿಲ್ಲ, ಅದು ಒಳಗಿರುವುದನ್ನೇ ಓದುತ್ತದೆ. ನೆಟ್ಟಿನ ಸುದ್ದಿ ಈಗಿನ ರೀತಿಯಲ್ಲಿ, ಒಳಗೂ ಕನ್ನಡವೇ ಇರುವಂತೆ ಬರೆದದ್ದು, ಅದಕ್ಕೆ ಸರಿಯಾಗಿ ಓದಿತ್ತು.

ಇದನ್ನು ಬಾಯಿಬಿಟ್ಟು ಹೇಳುವುದು ನನ್ನ ಪಾಲಿಗೆ ಬಂತು. ಹೇಳಿದೆ. ಹಳೆಯದನ್ನು ಹೊಸದಕ್ಕೆ ಬದಲಿಸುವ ಸಾಫ್ಟ್‌ವೇರ್ ಇದೆ ಎಂದು ಅಲ್ಲೇ ಹಾಕಿ ನೋಡಿದೆ ಕೂಡ. ಪ್ರೆಸ್ಸಿನವರ ಫಾಂಟು ಯಾವ ಕಾಲದ್ದೋ. ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ, ಮದುಮಗಳ ಹೆಸರು ಗುರುತು ಸಿಗದಂತಾಗಿ ಬಂತು. ಅದನ್ನು ತಿದ್ದಲು ಮೊದಲು ಕಣ್ಣು ಬೇಕು. ಸರಿಮಾಡಿದರೂ ಕಾರ್ಡಿನ ಪುಟ, ಅಂಚು, ಚಿತ್ರ ಎಲ್ಲ ಇರುವುದು ಪ್ರೆಸ್ಸಿನ ಹಳೇ ಸಾಫ್ಟ್‌ವೇರಿನಲ್ಲಿ, ಅದು ಹೊಸ ಕನ್ನಡವನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ.

ಕ್ರಾಂತಿ ಎಲ್ಲವನ್ನೂ ಕೇಳಿಸಿಕೊಂಡ. ಮುಖ ನನ್ನ ಕಡೆಗಿತ್ತು, ಕಣ್ಣು ಸ್ವಲ್ಪ ಆಚೆಗಿತ್ತು.

“ಹಂಗಾರ ಇಷ್ಟು ವರ್ಷ ನಾ ಬರದದ್ದು ಕನ್ನಡ ಅಲ್ಲೇನು?”

ಕನ್ನಡವೇ ಕಣೋ ಎನ್ನಬಹುದಿತ್ತು, ಊರ ತುಂಬ ಜನ ಓದಿದ್ದಾರೆ ಎನ್ನಬಹುದಿತ್ತು. ಅದು ಅವನಿಗೂ ಗೊತ್ತಿತ್ತು.

ಗುರುಸಂಗಪ್ಪನವರು ಎದ್ದು ಅವನ ಹೆಗಲ ಮೇಲೆ ಕೈ ಇಟ್ಟು, “ಸೀಜನ್ ಬಂತಪ್ಪ, ಕ್ರಾಂತಿ” ಎಂದರು. ಕ್ರಾಂತಿ, ಆ ಹುಡುಗಿ ಚಂದನಾಗೆ ಸೋಮವಾರದಿಂದ ಬರಲು ಹೇಳಿ, ಬೀಗರ ಹೆಸರುಗಳ ವಿಷಯ ನಾನು ಬಂದು ಕೂತು ಹೇಳಿಕೊಡುತ್ತೇನೆ ಎಂದ. ಅವರು ಬೇಡವೆನ್ನಲಿಲ್ಲ, ಆಗಲಿ ಎನ್ನಲೂ ಇಲ್ಲ. ಪೆನ್‌ಡ್ರೈವನ್ನೂ ಬಿಟ್ಟು ಹೊರಟುಹೋದರು.

ಅವರು ಹೋದ ಮೇಲೆ ಕ್ರಾಂತಿ ಆ ಫೈಲನ್ನು ಮತ್ತೆ ಮೊದಲಿನಿಂದ ಓದಿಸತೊಡಗಿದ. ಎ, ಯೆನ್, ಎ, ಇ, ಪೌಂಡ್ ಎಂದು ಮಷೀನು ಆ ಮೂಗಿನ ದನಿಯಲ್ಲಿ ಶುರುವಿಟ್ಟಿತು. ಶಿವಗಂಗಾಗೆ ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು, ಅದನ್ನು ಸುಮ್ಮನಾಗಿಸಿರಿ, ಮನೆಗೆ ಹೋಗೋಣ ಎಂದಳು. ಸುಮ್ಮನಾಗಿಸುವ ಕೀಲಿ ಯಾವುದೆಂದು ನಮ್ಮ ಮೂವರಲ್ಲಿ ಚೆನ್ನಾಗಿ ಗೊತ್ತಿದ್ದದ್ದು ಅವನಿಗೇ. ಅವನ ಕಿರುಬೆರಳು ಅದರ ಮೇಲೆಯೇ ಇತ್ತು.

“ಇರಲಿ ಬಿಡು,” ಎಂದ. “ನಾ ಬರದದ್ದೇ ಐತಿ. ಪೂರ್ತಿ ಕೇಳ್ತೀನಿ.”

ಅದು ಮುಗಿಯುವ ತನಕ ನಾವೂ ಕೂತಿದ್ದೆವು.