ಪರೀಕ್ಷೆಗೆಂದು ಕಾಯಿಲೆ ಬಿದ್ದ ವಠಾರ

ಮೊಮ್ಮಗಳು ಪರೀಕ್ಷೆಯಲ್ಲಿ ಬಿದ್ದದ್ದು ಓದದ ಕಾರಣಕ್ಕಲ್ಲ. ಅವಳನ್ನು ಬೀಳಿಸಿದವರು ನಮ್ಮ ವಠಾರದವರು, ಅದೂ ಒಳ್ಳೆಯ ಮನಸ್ಸಿನಿಂದ. ಮೊದಲ ಸಲ ಮಾನಕ್ಕೆ ಹೆದರಿ ಸುಳ್ಳು ಹೇಳಿದರು, ಎರಡನೆಯ ಸಲ ಅವಳ ಮೇಲಿನ ಪ್ರೀತಿಗೆ ಹೇಳಿದರು. ಎರಡು ಸುಳ್ಳನ್ನೂ ಕಾಲೇಜು ಕಂಪ್ಯೂಟರಿಗೆ ಹಾಕಿಕೊಂಡಿತು. ಕೊನೆಗೆ ಅವಳೇ ಒಂದು ನಿಜ ಹೇಳಿದಾಗ ಅದನ್ನು ಹಾಕಲು ಜಾಗ ಇರಲಿಲ್ಲ.

ಅವಳು ಓದುವುದು ಸಾರ್ವಜನಿಕ ಆರೋಗ್ಯ. ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಹಾಗಾದರೆ ಮತ್ತೆಂತದು ಎಂದು ಕೇಳಿದ್ದಕ್ಕೆ, ಜನರಿಗೆ ಕಾಯಿಲೆ ಬಾರದ ಹಾಗೆ ನೋಡಿಕೊಳ್ಳುವುದು ಎಂದಳು. ಕಾಯಿಲೆ ಬಂದವರನ್ನು ನೋಡಲು ಕಲಿಸುವ ಕಾಲೇಜುಗಳು ಈ ಊರಿನಲ್ಲಿ ಬಸ್‌ಸ್ಟಾಪಿಗೊಂದರಂತೆ ಇವೆ. ಬಾರದವರನ್ನು ನೋಡಲು ವಾಮಂಜೂರಿನ ಆಚೆ ಗದ್ದೆಗೆ ಮಣ್ಣು ತುಂಬಿಸಿ ಇನ್ನೊಂದನ್ನು ಕಟ್ಟಿದ್ದಾರೆ. ಅವಳನ್ನು ಸೇರಿಸಿದ ದಿನ ನಾನೂ ಹೋಗಿದ್ದೆ. ಬಾಗಿಲ ಹತ್ತಿರ ದೊಡ್ಡ ಬೋರ್ಡಿನಲ್ಲಿ ಈ ಓದಿನ ಗುರಿಗಳನ್ನು ಬರೆಸಿದ್ದರು. ಸಮುದಾಯದ ಅಗತ್ಯಗಳನ್ನು ಗುರುತಿಸುವುದು, ಸಮುದಾಯದ ವಿಶ್ವಾಸ ಗಳಿಸುವುದು, ಸಮುದಾಯದ ನಡವಳಿಕೆಯನ್ನು ಬದಲಾಯಿಸುವುದು. ನನ್ನದು ನಾಲ್ಕನೇ ಕ್ಲಾಸಿಗೆ ನಿಂತ ಓದು. ಅಕ್ಷರ ಕೂಡಿಸಿ ಮುಗಿಸುವಷ್ಟರಲ್ಲಿ ವಾಚ್‌ಮನ್ ಬಂದು ಯಾರನ್ನು ನೋಡಬೇಕು ಎಂದು ಕೇಳಿದ. ಸಮುದಾಯವನ್ನು ಎಂದು ಹೇಳಬಹುದಿತ್ತು. ಆ ಸಮುದಾಯ ನಾವೇ ಎಂದು ಆಗ ಗೊತ್ತಿರಲಿಲ್ಲ.

ನನ್ನ ಮಗನಿಗೆ ಮೀನು ಹಿಡಿಯುವ ಟ್ರಾಲ್ ಬೋಟಿನಲ್ಲಿ ಪಾಲುಂಟು. ಬೋಟು ನಿಲ್ಲುವ ದಕ್ಕೆಯಲ್ಲಿ ಮಗಳು ಎಂತ ಓದುತ್ತಾಳೆ ಎಂದು ಯಾರಾದರೂ ಕೇಳಿದರೆ ಅವನಿಗೆ ಹೇಳಲು ಬರುವುದಿಲ್ಲ. ಹೇಳಲು ಬಾರದ ಓದು ಯಾಕೆ ಎಂಬುದು ಅವನ ವಾದ. ಕೊಟ್ಟಾರದ ಒಂದು ಮನೆಯಿಂದ ಸಂಬಂಧ ಬಂದಿತ್ತು, ಐಸ್ ಪ್ಲಾಂಟಿನವರ ಮಗ. ಕೊನೆಯ ಪ್ರಾಜೆಕ್ಟಿನಲ್ಲಿ ಪಾಸಾದರೆ ಕೆಲಸಕ್ಕೆ ಹೋಗಲಿ, ಬಿದ್ದರೆ ಮತ್ತೆ ಕಾಲೇಜು ಇಲ್ಲ, ಕೊಟ್ಟಾರಕ್ಕೆ ಹೂಂ ಎನ್ನುವುದೇ ಎಂದು ಮಗ ಖಡಾಖಂಡಿತ ಹೇಳಿದ. ಹುಡುಗಿ ಒಪ್ಪಿದಳು. ಪಾಸಾಗುವ ಧೈರ್ಯ ಅವಳಿಗಿತ್ತು.

ಪ್ರಾಜೆಕ್ಟ್ ಎಂದರೆ ಒಂದು ವಠಾರದ ಮನೆಮನೆಗೆ ಹೋಗಿ ಯಾರಿಗೆ ಎಂತ ಕಾಯಿಲೆ ಎಂದು ಕೇಳಬೇಕು. ಆಮೇಲೆ ಅವರನ್ನು ಕೂರಿಸಿ ಒಂದು ತಿಳಿವಳಿಕೆಯ ಕ್ಲಾಸ್ ಮಾಡಬೇಕು. ಆಮೇಲೆ ಮತ್ತೆ ಹೋಗಿ ಕೇಳಬೇಕು. ಮೊದಲಿಗೂ ಎರಡನೆಯದಕ್ಕೂ ಇರುವ ವ್ಯತ್ಯಾಸವೇ ಮಾರ್ಕು. ಅವಳು ಕಡಲ ಬದಿಯ ನಮ್ಮ ವಠಾರವನ್ನೇ ಆರಿಸಿಕೊಂಡಳು. ಎಲ್ಲರಿಗೂ ತನ್ನ ಗುರುತುಂಟು, ನಿಜ ಹೇಳುತ್ತಾರೆ ಎಂಬುದು ಅವಳ ಲೆಕ್ಕ. ಅವಳ ಮೇಡಂ ಕೂಡ ಭೇಷ್ ಎಂದರಂತೆ, ವಿಶ್ವಾಸ ಗಳಿಸುವ ಗುರಿ ಮೊದಲ ದಿನವೇ ಮುಗಿಯಿತಲ್ಲ. ಗುರುತಿದ್ದವರಿಗೆ ಮನುಷ್ಯ ನಿಜ ಹೇಳುತ್ತಾನೆ ಎಂದು ಯಾವ ಪುಸ್ತಕದಲ್ಲಿ ಬರೆದಿದೆಯೋ ನಾನು ಕಾಣೆ.

ಮೊದಲ ಮನೆ ನಮ್ಮದೇ. ಮಗ ಚಾ ಕುಡಿಯುತ್ತಿದ್ದ. ಮನೆಯಲ್ಲಿ ಯಾರಿಗಾದರೂ ಶುಗರ್, ಬಿಪಿ, ಹೃದಯದ್ದು, ಟಿಬಿ, ಮನಸ್ಸಿನ ಕಾಯಿಲೆ ಉಂಟಾ ಎಂದು ಅವಳು ಮೊಬೈಲ್ ನೋಡಿಕೊಂಡು ಕೇಳಿದಳು.

"ಎಂತ ಇಲ್ಲ. ಎಲ್ಲ ಸರಿ ಉಂಟು," ಎಂದ.

"ಮತ್ತೆ ಈಗ ಮಾತ್ರೆ ತಿಂದದ್ದು ಎಂತ ಅಪ್ಪಾ?"

"ಅದು ಗ್ಯಾಸಿಗೆ."

ಅದು ಬಿಪಿಯದ್ದು ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ಆದರೆ ಅವನ ತಪ್ಪೂ ಅಲ್ಲ. ಆ ಪ್ರಶ್ನೆಗಳನ್ನು ನಮ್ಮಲ್ಲಿ ಇನ್ನೊಬ್ಬರೂ ಕೇಳುತ್ತಾರೆ, ಹುಡುಗನ ಕಡೆಯವರು. ಹೆಣ್ಣು ನೋಡಲು ಬಂದವರು ಶರಬತ್ತು ಕುಡಿದು ಲೋಟ ಕೆಳಗಿಡುವ ಮೊದಲು ಇದನ್ನೇ ಇದೇ ಸಾಲಿನಲ್ಲಿ ಕೇಳುತ್ತಾರೆ. ಅವರಿಗೆ ಕೊಡುವ ಉತ್ತರ ನಮ್ಮ ನಾಲಿಗೆಯ ತುದಿಯಲ್ಲೇ ಇರುತ್ತದೆ. ಮದುವೆಯ ವಯಸ್ಸಿನವರು ಇಲ್ಲದ ಮನೆ ನಮ್ಮ ವಠಾರದಲ್ಲಿ ಇಲ್ಲ. ಹೀಗಾಗಿ ಒಂದೊಂದು ಮನೆಯಲ್ಲೂ ಅವಳಿಗೆ ಅವಲಕ್ಕಿ ಸಿಕ್ಕಿತು, ಚಾ ಸಿಕ್ಕಿತು, ಕಾಯಿಲೆ ಒಂದೂ ಸಿಗಲಿಲ್ಲ. ಪಕ್ಕದ ಮನೆಯವಳು ಹುಣ್ಣಾದ ಕಾಲನ್ನು ಸೀರೆಯ ಅಂಚಿನೊಳಗೆ ಎಳೆದುಕೊಂಡು, ನಮಗೆ ಎಂತ ಇಲ್ಲ ಮಗಾ, ನಾವೆಲ್ಲ ಗಟ್ಟಿ ಎಂದಳು. ಅವಳ ಮಗಳಿಗೂ ಸಂಬಂಧ ನೋಡುತ್ತಿದ್ದರು.

ಇವರೆಲ್ಲ ಮುಚ್ಚಿಡುತ್ತಿದ್ದಾರೆ ಎಂದು ಹುಡುಗಿ ಮೇಡಂ ಹತ್ತಿರ ಹೇಳಿದಳಂತೆ. ನಿನ್ನ ಅನಿಸಿಕೆ ಡೇಟಾ ಅಲ್ಲ ಎಂದರಂತೆ ಅವರು. ಕ್ಲಾಸಿನ ದಿನ ಗೊತ್ತಾಗಿದೆ, ಸಕ್ಕರೆ ಕಾಯಿಲೆಯ ಚಿತ್ರಗಳು ಹೋದ ವರ್ಷದ್ದೇ ಇವೆ, ಸುಮ್ಮನೆ ಅದನ್ನು ಮುಗಿಸು ಎಂದು ಕಳಿಸಿದರು.

ಭಜನಾ ಮಂದಿರದಲ್ಲಿ ಕ್ಲಾಸ್ ಆಯಿತು. ನಮ್ಮ ಮನೆಯ ಹುಡುಗಿ ಮಾತಾಡುತ್ತಾಳೆ ಎಂದು ಹೆಂಗಸರೆಲ್ಲ ಒಳ್ಳೆಯ ಸೀರೆ ಉಟ್ಟು ಬಂದರು. ಎಣ್ಣೆ ಬೇಡ, ಮೈದಾ ಬೇಡ, ಸಕ್ಕರೆ ಬೇಡ ಎಂದು ಅವಳು ಚಿತ್ರ ತೋರಿಸಿ ಹೇಳಿದಳು. ಎಲ್ಲರೂ ತಲೆ ಆಡಿಸಿದರು. ಮುಗಿದ ಮೇಲೆ ಬಂದವರನ್ನು ಬಾಯಿ ಒಣಗಿಸಿ ಕಳಿಸಲಾಗುತ್ತದೆಯೇ? ಮಂದಿರದ ಸಂಘದವರು ಮೈದಾದ ಗೋಳಿಬಜೆ ಕರಿದಿದ್ದರು, ಚಾಕ್ಕೆ ಸಕ್ಕರೆ ಧಾರಾಳ ಹಾಕಿದ್ದರು. ಮೇಡಂ ಕೂಡ ತಿಂದರು. ಫೋಟೊ ಮಾತ್ರ ಅವರು ಜನ ಸೇರಿದ್ದರದ್ದು ತೆಗೆದುಕೊಂಡರು, ತಿನ್ನುವುದರದ್ದಲ್ಲ.

ಗೋಳಿಬಜೆ ತಿನ್ನುವಾಗ ಪಕ್ಕದ ಮನೆಯವಳ ಹುಣ್ಣಿನ ಕಾಲು ಹುಡುಗಿಯ ಕಣ್ಣಿಗೆ ಬಿತ್ತು. ಮರುಮಾತಾಡದೆ ಯಾರದೋ ಸ್ಕೂಟರಿನ ಹಿಂದೆ ಕೂರಿಸಿ ಪೇಟೆಯ ಹಂಪನಕಟ್ಟೆಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದಳು. ಹುಣ್ಣಿಗೆ ಕಾರಣ ಶುಗರ್ ಎಂದು ಅಲ್ಲಿ ಗೊತ್ತಾಯಿತು. ಕಾಲು ಉಳಿಯಿತು. ಮೇಡಂ ಬೈದರು. ಅದು ಚಿಕಿತ್ಸೆಯಂತೆ, ಇವರ ಗುರಿಯೊಳಗೆ ಬರುವುದಿಲ್ಲವಂತೆ, ಆ ಹೊತ್ತಿನಲ್ಲಿ ಇವಳು ಕ್ಲಾಸಿನ ವರದಿ ಕೊಡಬೇಕಿತ್ತಂತೆ.

ಎರಡನೆಯ ಸಲ ಕೇಳಲು ಹೋಗುವ ಮುಂಚೆ ಮೇಡಂಗೆ ಜ್ಞಾನೋದಯವಾಯಿತು. ಮೊದಲೇ ಯಾರಿಗೂ ಎಂತದೂ ಇಲ್ಲದಿದ್ದರೆ ಕಡಿಮೆಯಾಗುವುದು ಎಲ್ಲಿಂದ? ಸಮಸ್ಯೆಯೇ ಇಲ್ಲದ ಸಮುದಾಯಕ್ಕೆ ಮಾರ್ಕು ಕೊಡಲು ಬರುವುದಿಲ್ಲ ಎಂದರಂತೆ. ಹುಡುಗಿ ಮನೆಗೆ ಬಂದು ಊಟಕ್ಕೆ ಕೂತು ಬಂಗುಡೆ ಮೀನಿನ ಪುಳಿಮುಂಚಿಯನ್ನು ಮುಟ್ಟದೆ ಎದ್ದಳು. ಇನ್ನು ಸುಮ್ಮನೆ ಕೂತರೆ ಆಗುವುದಿಲ್ಲ ಎಂದು ನಾನು ಮನೆಮನೆಗೆ ಹೋದೆ. ಇದು ಹೆಣ್ಣು ಕೇಳುವುದಲ್ಲ ಮಾರಾಯ್ತಿ, ಕಾಲೇಜಿನದ್ದು, ಕಾಯಿಲೆ ಇದ್ದರೆ ಹೇಳಿ, ಇಲ್ಲದಿದ್ದರೆ ಇವಳು ಫೇಲು ಎಂದೆ. ಇದ್ದದ್ದನ್ನು ಹೇಳಿ ಎಂದು ನನ್ನ ಅರ್ಥ.

ಅವರಿಗೆ ಕೇಳಿಸಿದ್ದು ಫೇಲು ಎಂಬುದು ಮಾತ್ರ.

"ಅಯ್ಯೋ, ಅದನ್ನು ಮೊದಲೇ ಹೇಳುವುದಲ್ವಾ ಅಕ್ಕ," ಎಂದಳು ಎದುರುಮನೆಯವಳು. ಆಮೇಲೆ ದನಿ ತಗ್ಗಿಸಿ, "ಯಾವುದಕ್ಕೆ ಮಾರ್ಕು ಜಾಸ್ತಿ? ಹಾರ್ಟಿನದ್ದು ಹೇಳ್ಬಹುದಾ?"

ಹೇಳಿದಳು. ಹುಡುಗಿ ಎರಡನೆಯ ಸಲ ಕೇಳಲು ಹೋದಾಗ ಎಲ್ಲರೂ ಹೇಳಿದರು. ಹುಡುಗಿ ಬೇಡ ಬೇಡ ಎಂದರೂ ಬರೆಸಿದರು. ಬಿಪಿ ಇದ್ದವರು ಜೊತೆಗೆ ಟಿಬಿಯನ್ನೂ ಸೇರಿಸಿದರು. ಆಳೆತ್ತರದ ಗಂಡಸರು ತಲೆ ತಿರುಗುತ್ತದೆ ಎಂದು ಗೋಡೆ ಹಿಡಿದರು. ಪಕ್ಕದವಳು ಗಂಟುನೋವು, ಉಬ್ಬಸ, ಕಣ್ಣು ಮಂಜು ಎಲ್ಲ ಕೊಟ್ಟಳು. ಶುಗರ್ ಮಾತ್ರ ಕೊಡಲಿಲ್ಲ. ಹುಡುಗನ ಕಡೆಯವರಿಗೆ ಎಲ್ಲಿಂದಲಾದರೂ ಗೊತ್ತಾದರೆ ಎಂಬ ಹೆದರಿಕೆ.

ಎರಡೂ ಸಲದ ಲೆಕ್ಕ ಕಂಪ್ಯೂಟರಿಗೆ ಹಾಕಿದಾಗ ಗ್ರಾಫಿನ ಗೆರೆ ನೆಲದಿಂದ ನೇರ ಆಕಾಶಕ್ಕೆ ಹೋಯಿತು. ಕ್ಲಾಸಿನ ಮೊದಲು ಒಬ್ಬರಿಗೂ ಕಾಯಿಲೆ ಇಲ್ಲ, ಕ್ಲಾಸಾದ ಮೇಲೆ ಒಬ್ಬರೂ ಆರೋಗ್ಯವಾಗಿಲ್ಲ.

ಪರೀಕ್ಷೆ ಮಾಡುವವರು ಬೇರೆ ಜಿಲ್ಲೆಯಿಂದ ಬಂದರು. ಭಜನಾ ಮಂದಿರದ ಜಗಲಿಯಲ್ಲಿ ಕೂತು ಎಳನೀರು ಕುಡಿದರು. ನಮ್ಮವರು ಸುತ್ತ ನಿಂತು ತಮಗೆ ತೋಚಿದ ಹಾಗೆ ಕೆಮ್ಮುತ್ತಿದ್ದರು. ಅವರು ಗೆರೆಯನ್ನು ನೋಡಿದರು, ಹುಡುಗಿಯನ್ನು ನೋಡಿದರು.

"ನಿನ್ನ ಕ್ಲಾಸ್ ಕೇಳಿ ಇವರೆಲ್ಲ ಕಾಯಿಲೆ ಬಿದ್ದರಾ?"

"ಇಲ್ಲ ಸರ್. ಮೊದಲ ಸಲ ಇವರು ಹುಡುಗನ ಕಡೆಯವರಿಗೆ ಹೇಳಿದ ಹಾಗೆ ಹೇಳಿದ್ರು. ಎರಡನೇ ಸಲ ನನ್ನನ್ನು ಪಾಸ್ ಮಾಡಿಸ್ಲಿಕ್ಕೆ ಹೇಳಿದ್ರು. ಎರಡೂ ನಿಜ ಅಲ್ಲ. ಮದುವೆ ತಪ್ಪುತ್ತದೆ ಎಂಬ ಹೆದರಿಕೆ ಹೋಗುವವರೆಗೆ ಇಲ್ಲಿ ಯಾರೂ ಆಸ್ಪತ್ರೆಗೆ ಹೋಗುವುದಿಲ್ಲ. ನನಗೆ ಗೊತ್ತಾದದ್ದು ಇಷ್ಟೇ ಸರ್."

ಕೆಮ್ಮು ನಿಂತಿತು. ಪರೀಕ್ಷೆಯವರು ಕನ್ನಡಕ ತೆಗೆದು, ಒಳ್ಳೆಯ ಮಾತು, ಆದರೆ ಇದನ್ನು ಯಾವ ಗುರಿಯ ಕೆಳಗೆ ಹಾಕುವುದು ಎಂದು ಮೇಡಂ ಕಡೆ ತಿರುಗಿದರು. ಮೇಡಂ ಫೋನು ನೋಡುತ್ತಿದ್ದರು. ಅಗತ್ಯ, ವಿಶ್ವಾಸ, ನಡವಳಿಕೆ ಮೂರರ ಕೆಳಗೂ ಅದು ಕೂರಲಿಲ್ಲ. ಪ್ರಾಜೆಕ್ಟ್ ಅಪೂರ್ಣ, ಅಂದರೆ ಫೇಲು, ಮುಂದಿನ ತಂಡದ ಜೊತೆ ಬೇರೆ ಊರಿನಲ್ಲಿ ಮತ್ತೆ ಮಾಡಲಿ ಎಂದು ತೀರ್ಪಾಯಿತು. ಹೋಗುವಾಗ ಪರೀಕ್ಷೆಯವರಿಗೆ ಸಂಘದವರು ಒಂದು ಕಟ್ಟು ಒಣ ಸಿಗಡಿ ಕೊಟ್ಟರು. ಅದಕ್ಕೆ ಗುರಿ ಹುಡುಕದೆ ಅವರು ಚೀಲಕ್ಕೆ ಹಾಕಿಕೊಂಡರು.

ಸಂಜೆ ಮಗನಿಗೆ ವಿಷಯ ಗೊತ್ತಾಯಿತು. "ಆಯ್ತಲ್ಲ. ಭಾನುವಾರ ಕೊಟ್ಟಾರದವರು ಬರ್ಲಿ," ಎಂದ. ಹುಡುಗಿ ಅಳಲಿಲ್ಲ. ಅತ್ತಿದ್ದರೆ ಅವನು ಸ್ವಲ್ಪ ಕರಗುತ್ತಿದ್ದ. ಅಷ್ಟೂ ಬುದ್ಧಿ ಇಲ್ಲ ಅವಳಿಗೆ. ಕೊಟ್ಟ ಮಾತು ಎಂದು ತಲೆ ತಗ್ಗಿಸಿ ಒಳಗೆ ಹೋದಳು. ಮಾತು ಕೊಟ್ಟದ್ದು ಅವಳು, ನಾನಲ್ಲ.

ಮಾರನೆಯ ಬೆಳಿಗ್ಗೆ ಮಗ ದಕ್ಕೆಗೆ ಹೋದ ಮೇಲೆ ಕೊಟ್ಟಾರದ ಹುಡುಗನ ತಾಯಿಗೆ ಫೋನ್ ಮಾಡಿದೆ. ಭಾನುವಾರ ಬಂದರೆ ಹೇಗೂ ಕೇಳುತ್ತೀರಿ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ ಎಂದೆ. ನನಗೆ ಶುಗರ್, ಮಗನಿಗೆ ಬಿಪಿ, ನನ್ನ ಗಂಡ ಹೋದದ್ದು ಹಾರ್ಟಿನಿಂದ, ಅವರ ತಮ್ಮನಿಗೆ ತಲೆ ಸರಿ ಇರಲಿಲ್ಲ, ಕಟ್ಟಿ ಹಾಕುತ್ತಿದ್ದರು. ಒಂದೂ ಸುಳ್ಳಲ್ಲ. ಆಚೆಯಿಂದ ಅವರು ಕೇಳಿದರು,

"ಹುಡುಗಿಗೆ?"

"ಹುಡುಗಿಗೆ ಎಂತ ಇಲ್ಲ. ಆದರೆ ಬಂದ ಮೊದಲ ದಿನವೇ ನಿಮ್ಮನ್ನೆಲ್ಲ ಕೂರಿಸಿ ರಕ್ತ ತೆಗೀತಾಳೆ. ಯಾರಿಗೆ ಎಂತ ಉಂಟು ಎಂದು ಜಗಲಿಯಲ್ಲೇ ಹೇಳ್ತಾಳೆ. ಅದು ಅವಳ ಓದು."

ಮನೆಯಲ್ಲಿ ಮಾತಾಡಿ ತಿಳಿಸುತ್ತೇವೆ ಎಂದು ಫೋನಿಟ್ಟರು. ನಾನು ಒಳಗೆ ಹೋಗಿ ಹುಡುಗಿಯ ಹೊದಿಕೆ ಎಳೆದು, ಭಾನುವಾರ ಯಾರೂ ಬರುವುದಿಲ್ಲ, ಕಾಲೇಜಿಗೆ ಹೋಗುವ ವಾಮಂಜೂರಿನ ಬಸ್ಸಿಗೆ ಹೊತ್ತಾಯಿತು, ಏಳು ಎಂದೆ.