ಮಣ್ಣಿನ ಪಟ್ಟಿಯಡಿ ನಮ್ಮ ಭಾವ

ನಮ್ಮ ಭಾವನಿಗೆ ಬಟ್ಟೆಯ ಮೇಲೆ ಸುಕ್ಕು ಕಂಡರಾಗದು. ಎದುರಿಗೆ ಮಾತಾಡುತ್ತಾ ಕೂತವರ ಕಾಲರನ್ನು ಕೈಚಾಚಿ ಸರಿಮಾಡಿಬಿಡುತ್ತಾರೆ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರದೊಂದು ಇಸ್ತ್ರಿ ಅಂಗಡಿ: ಒಂದು ಮೇಜು, ಗೋಡೆಯುದ್ದಕ್ಕೂ ಕಪಾಟು, ಹಿಂದೆ ಒಂದು ಬೆಂಚು. ಮದುವೆಯಾದಾಗಿನಿಂದ ನನ್ನ ಅಕ್ಕ ಆ ಬೆಂಚಿನ ಮೇಲೆ ಕೂತು ಬಟ್ಟೆ ವಿಂಗಡಿಸಿದ್ದಾಳೆ, ನೀರು ಚಿಮುಕಿಸಿದ್ದಾಳೆ, ಗಂಟು ಕಟ್ಟಿದ್ದಾಳೆ. ಇಸ್ತ್ರಿ ಪೆಟ್ಟಿಗೆಯನ್ನು ಮಾತ್ರ ಮುಟ್ಟುವಂತಿರಲಿಲ್ಲ. ಅಂಗಡಿಯ ಹೆಸರೆಲ್ಲ ತನ್ನ ಬಲಗೈಯಲ್ಲಿದೆ ಎಂಬುದು ಭಾವನ ವಾದ. ಒಂದು ಕೈಗೆ ಇಷ್ಟೊಂದು ಜಂಬ ಒಳ್ಳೆಯದಲ್ಲ ಎಂದು ನಾದಿನಿಯ ಸಲಿಗೆಯಲ್ಲಿ ನಾನು ಕೆಣಕುತ್ತಿದ್ದೆ.

ಒಂದು ಬೆಳಿಗ್ಗೆ ಆ ಕೈ ಮೇಲೇಳಲಿಲ್ಲ. ಭುಜ ಊದಿಕೊಂಡು ಬೆಂಕಿಯಾಗಿತ್ತು. ಕೆಲವು ತಿಂಗಳು ವಿಶ್ರಾಂತಿ ಕೊಡದಿದ್ದರೆ ಈ ಕೈ ಇನ್ನೆಂದೂ ಇಸ್ತ್ರಿ ಹಿಡಿಯುವುದಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಭಾವ ಎಲ್ಲಕ್ಕೂ ತಲೆಯಾಡಿಸಿ, ಅಲ್ಲಿಂದ ನೆಟ್ಟಗೆ ಅಂಗಡಿಗೆ ಹೋದರು. ಮಾತ್ರೆ ನುಂಗುವುದು, ಹಲ್ಲು ಕಚ್ಚಿಕೊಂಡು ಬಟ್ಟೆ ತೀಡುವುದು. ಅಕ್ಕ ಅತ್ತಳು, ನಾನು ಜಗಳವಾಡಿದೆ. ಜಪ್ಪಯ್ಯ ಅಂದರೂ ಆ ಮನುಷ್ಯ ಜಗ್ಗಲಿಲ್ಲ.

ಕೊನೆಗೆ ಅಕ್ಕ ಅವರನ್ನು ಪ್ರಕೃತಿ ಚಿಕಿತ್ಸೆಯ ಕೇಂದ್ರವೊಂದಕ್ಕೆ ಎಳೆದುಕೊಂಡು ಹೋದಳು. ಜೊತೆಗೆ ನಾನೂ ಹೋದೆ. ನಂಬಿಕೆಯಿಂದ ಹೋದೆ ಅಂದರೆ ಸುಳ್ಳಾದೀತು. ಮೈಗೆ ಮಣ್ಣು ಮೆತ್ತಿಕೊಂಡ ಭಾವನನ್ನು ನೋಡುವ ಆಸೆ. ಅಲ್ಲಿನ ದಪ್ಪ ಕನ್ನಡಕದ ಹೆಂಗಸು ಜರಡಿ ಹಿಡಿದು ರಾತ್ರಿಯಿಡೀ ನೆನೆಸಿದ ಮಣ್ಣನ್ನು ಒದ್ದೆ ಬಟ್ಟೆಯೊಳಗೆ ಬೆರಳು ದಪ್ಪಕ್ಕೆ ಹರಡಿ, ಮಡಿಸಿ, ಭುಜದ ಮೇಲಿಟ್ಟು, ಅಲುಗಾಡದೆ ಮಲಗಿರಿ ಎಂದು ಹೇಳಿ ಹೊರಗೆ ಹೋದಳು. ತಂಪು ತಗಲಿದ್ದೇ ತಡ, ಎಷ್ಟೋ ದಿನಗಳಿಂದ ಗಂಟಿಕ್ಕಿಕೊಂಡಿದ್ದ ಭಾವನ ಹುಬ್ಬು ಸಡಿಲವಾಯಿತು. ಅಷ್ಟರಲ್ಲಿ ಅವರ ಓರೆಗಣ್ಣು ಪಟ್ಟಿಯ ಮೇಲೆ ಬಿತ್ತು. ಒದ್ದೆ ಬಟ್ಟೆ, ಅದರ ತುಂಬ ಸುಕ್ಕು! ಎಡಗೈ ತಾನೇ ತಾನಾಗಿ ಎದ್ದಿತು. ಎಳೆದರು, ಒತ್ತಿದರು, ನೀವಿದರು. ಹೆಂಗಸು ತಿರುಗಿ ಬರುವ ಹೊತ್ತಿಗೆ ಬಟ್ಟೆ ಒಂದು ಗೆರೆಯೂ ಇಲ್ಲದೆ ನುಣ್ಣಗಾಗಿತ್ತು. ಮಣ್ಣು ಮಾತ್ರ ಎರಡೂ ಬದಿಯಿಂದ ಹೊರಬಂದು ಹಾಸಿಗೆಗೆ, ಬನಿಯನ್ನಿಗೆ, ಭಾವನ ಕಿವಿಗೆ ಹಂಚಿಹೋಗಿತ್ತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಹೆಂಗಸು ನಗಲಿಲ್ಲ. ಹೊಸ ಪಟ್ಟಿ ಮಾಡಿ ಭುಜಕ್ಕಿಟ್ಟು, ಇನ್ನೊಂದನ್ನು ಭಾವನ ಕಣ್ಣಿಗೇ ಇಟ್ಟುಬಿಟ್ಟಳು.

"ಕಂಡ್ರೆ ತಾನೇ ಕೈ ಹೋಗೋದು" ಅಂದಳು.

ಆ ಕತ್ತಲಲ್ಲಿ ಭಾವ ನಿದ್ದೆಹೋದರು. ಎದ್ದಾಗ ಉರಿ ಕಡಿಮೆಯಾಗಿದೆ ಎಂದು ಒಪ್ಪಿಕೊಂಡರು. ಅಕ್ಕ ಪಟ್ಟಿ ಕಟ್ಟುವುದನ್ನು ಕಲಿತು ಒಂದು ಚೀಲ ಮಣ್ಣು ತಂದಳು. ದಿನಾ ಮಲಗುತ್ತೇನೆ, ಆದರೆ ಅಂಗಡಿಯ ಬೆಂಚಿನ ಮೇಲೇ ಎಂದು ಭಾವ ಷರತ್ತು ಹಾಕಿದರು. ಗಿರಾಕಿಗಳ ಮೇಲೆ ಒಂದು ಕಿವಿಯಾದರೂ ಇರಲಿ ಎಂದು.

ಮೊದಲ ದಿನವೇ ಹೋಟೆಲಿನ ಮಾಣಿಯೊಬ್ಬ ಓಡಿಬಂದ. ಸಮವಸ್ತ್ರದ ಅಂಗಿ ಈಗಲೇ ಬೇಕು, ಇಲ್ಲದಿದ್ದರೆ ಮ್ಯಾನೇಜರ್ ಒಳಗೆ ಸೇರಿಸುವುದಿಲ್ಲ ಎಂದು ಅವನ ಗೋಳು. ಕಣ್ಣಿನ ಮೇಲೆ ಮಣ್ಣಿಟ್ಟುಕೊಂಡೇ ಭಾವ ಏಳಲು ನೋಡಿದರು. ಅಕ್ಕ ಅವರ ಎದೆಯ ಮೇಲೆ ಕೈಯಿಟ್ಟು ಹಿಂದಕ್ಕೆ ಒತ್ತಿದಳು.

"ಸುಮ್ನೆ ಮಲ್ಕೊಳ್ರಿ. ನಾನು ಮಾಡ್ತೀನಿ."

ಹೇಳಿದವಳೇ ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡಳು. ಬೆಂಚಿನಿಂದ ಆಜ್ಞೆಗಳು ಶುರುವಾದವು: ತೋಳಿಗೆ ಇನ್ನೊಂದಿಷ್ಟು ನೀರು ಹಾಕು, ಕಾಲರನ್ನು ತಿರುಗಿಸಿ ತೀಡು. ಭಾವ ಏನು ಹೇಳಿದರೂ ಅಕ್ಕ ಅದನ್ನು ಆಗಲೇ ಮಾಡಿ ಮುಗಿಸಿರುತ್ತಿದ್ದಳು. ವರ್ಷಗಟ್ಟಲೆ ಅದೇ ಬೆಂಚಿನಿಂದ ನೋಡಿದವಳಲ್ಲವೇ? ಆಜ್ಞೆಗಳು ಕಡಿಮೆಯಾದವು, ನಿಂತವು, ಆಮೇಲೆ ಗೊರಕೆ ಕೇಳಿಸಿತು. ಮಾಣಿ ಅಂಗಿ ತೊಟ್ಟುಕೊಂಡು ಓಡಿದ.

ಅಂದಿನಿಂದ ಮಣ್ಣು ಇಟ್ಟಷ್ಟು ಹೊತ್ತು ಇಸ್ತ್ರಿ ಅಕ್ಕನದಾಯಿತು. ಬರಬರುತ್ತಾ ಮಣ್ಣು ತೆಗೆದ ಮೇಲೂ ಭಾವ ಪೆಟ್ಟಿಗೆಯನ್ನು ವಾಪಸ್ ಕೇಳಲಿಲ್ಲ. ಬೆಂಚಿನ ಮೇಲೆ ಕೂತು ಎಡಗೈಯಲ್ಲಿ ನೀರು ಚಿಮುಕಿಸುತ್ತಿದ್ದರು. ಕೆಣಕುವುದಕ್ಕೆ ನನಗೆ ಅಷ್ಟು ಒಳ್ಳೆಯ ಅವಕಾಶ ಎಂದೂ ಸಿಕ್ಕಿರಲಿಲ್ಲ. ಆದರೆ ಅಕ್ಕನ ಮುಖ ನೋಡಿ ಬಾಯಿಗೆ ಬೀಗ ಹಾಕಿಕೊಂಡೆ.

ಮಣ್ಣಿಗೆ ಭುಜ ವಾಸಿಮಾಡುವ ಶಕ್ತಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಎಲ್ಲ ವಿಶ್ರಾಂತಿಯ ಗುಣ ಎಂದು ಡಾಕ್ಟರು ಹೇಳುತ್ತಾರೆ. ಯಾರ ಮಾತಿಗೂ ಮಲಗದವರನ್ನು ಮಲಗಿಸಿದ ಆ ಮಣ್ಣಿಗೆ ನಾನಂತೂ ಕೈಮುಗಿಯುತ್ತೇನೆ.

ಕೊನೆಯ ತಪಾಸಣೆಯ ದಿನ ನಾನು ಆಸ್ಪತ್ರೆಗೆ ಹೋಗಿರಲಿಲ್ಲ. ಅಕ್ಕ ಫೋನ್ ಮಾಡಿದಳು. ಕೈ ತಲೆಯ ಮೇಲಿನವರೆಗೂ ಎದ್ದಿತಂತೆ. ಇನ್ನು ದಿನಕ್ಕೆ ಅರ್ಧ ಹೊತ್ತು ಕೆಲಸ ಮಾಡಬಹುದು ಎಂದ ಡಾಕ್ಟರು, ನಿಮ್ಮ ಮಣ್ಣು ಗೆದ್ದಿತು ಬಿಡಿ ಎಂದು ತಮಾಷೆ ಮಾಡಿದರಂತೆ. ಅದಕ್ಕೆ ಭಾವ ಕೊಟ್ಟ ಉತ್ತರ ಹೇಳುವಾಗ ಅಕ್ಕ ಅತ್ತೇಬಿಟ್ಟಳು.

"ಮಣ್ಣು ತಂಪು ಕೊಡ್ತು ಸಾರ್, ಇಲ್ಲ ಅನ್ನಲ್ಲ. ನನ್ ಕೈ ಉಳಿಸಿದ್ದು ಇವಳು. ಅರ್ಧ ಹೊತ್ತು ನಂಗೆ ಸಾಕು. ಇನ್ನರ್ಧ ಇವಳದೇ."

ಅಕ್ಕ ಆಮೇಲೆ ಭುಜದ ಸುದ್ದಿಯನ್ನೇ ಎತ್ತಲಿಲ್ಲ. ಡಾಕ್ಟರ ಮುಂದೆ ಹೀಗಂದರು ಕಣೇ ಎಂದು ಆ ಮಾತನ್ನೇ ಮತ್ತೆ ಹೇಳಿದಳು, ಮತ್ತೆ ಅತ್ತಳು.