ಅಕ್ಕನ ಪಾಲು

ನಾನು ಚಿಕ್ಕವಳಿದ್ದಾಗ ಒಂದು ಮೀನು ಸತ್ತಿತೆಂದು ಹೊಳೆಯಿಂದ ಮನೆಯವರೆಗೂ ಅಳುತ್ತಾ ಬಂದೆನಂತೆ. ನಮ್ಮ ಮನೆಯಲ್ಲಿ ಎಲ್ಲರೂ ಹೇಳುವ ಕಥೆ ಇದು. ಅಪ್ಪ ಹೇಳುತ್ತಾನೆ, ಅವ್ವ ಹೇಳುತ್ತಾಳೆ, ಪಕ್ಕದ ಖೋಲಿಯ ಚಾಚಾ ಅಂತೂ ನಾನು ಅತ್ತ ಹಾಗೆ ಮುಖ ಮಾಡಿಯೂ ತೋರಿಸುತ್ತಾನೆ. ಹೋದ ಭಾನುವಾರ ಊಟಕ್ಕೆ ಕೂತಾಗ ನಿಮ್ಮವ್ವ ಅದನ್ನು ಮತ್ತೊಮ್ಮೆ ಹೇಳಿದಳು. ಮಕ್ಕಳೇ, ನೀವಿಬ್ಬರೂ ತಟ್ಟೆ ಬಿಟ್ಟು ಹೊರಳಾಡಿ ನಕ್ಕಿರಿ.

ನನಗೆ ಈ ಕಥೆಯ ಮೇಲೆ ತಕರಾರಿದೆ. ಗೋವಾದ ಕುಂಕಳ್ಳಿಯಲ್ಲಿ ಬೆಳೆದ ಹುಡುಗಿ ನಾನು. ಅವ್ವನ ಪಕ್ಕ ಕೂತು ಮೀನಿನ ಹೊಟ್ಟೆ ಸೀಳುವುದನ್ನು ಶಾಲೆಗೆ ಸೇರುವ ಮೊದಲೇ ಕಲಿತಿದ್ದೆ. ಅಂಥವಳು ಮೀನು ಸತ್ತಿತೆಂದು ಯಾಕೆ ಅಳುತ್ತಾಳೆ? ಇನ್ನೊಂದು ಮಾತು. ಈ ಕಥೆಯನ್ನು ಎಲ್ಲರಿಗಿಂತ ಚೆನ್ನಾಗಿ ಹೇಳುವವಳು ನಿಮ್ಮವ್ವ, ಅಂದರೆ ನನ್ನ ಅಕ್ಕ. ಆ ದಿನ ಅವಳು ಹೊಳೆಯ ಹತ್ತಿರ ಇರಲೇ ಇಲ್ಲ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಯಾರಾದರೂ ಇಂಥ ಸಾಕ್ಷಿ ತಂದರೆ ನಾನು ಒಂದೇ ನಿಮಿಷದಲ್ಲಿ ಕೂರಿಸಿಬಿಡುತ್ತೇನೆ. ಮನೆಯಲ್ಲಿ ಮಾತ್ರ ಇಷ್ಟು ವರ್ಷ ಸುಮ್ಮನೆ ಕೂತಿದ್ದೇನೆ. ಈಗ ನನ್ನ ಕಡೆಯ ಕಥೆ ಬರೆಯುತ್ತೇನೆ, ಓದಿ.

ಆಗ ನಾನು ಶಾಲೆಯಲ್ಲಿ ಮೂರನೆಯ ಇಯತ್ತೆ, ಅಕ್ಕ ಎಂಟನೆಯದು. ಅಪ್ಪ ಕಾರ್ಖಾನೆಯೊಂದರಲ್ಲಿ ಲಾರಿಗೆ ಮಾಲು ತುಂಬುತ್ತಿದ್ದ. ಚಾಚಾ ಬಾಡಿಗೆ ಟೆಂಪೋ ಓಡಿಸುತ್ತಿದ್ದ. ಇಬ್ಬರೂ ವಿಜಯಪುರದ ಕಡೆಯವರೇ ಆದರೂ ಪರಿಚಯವಾದದ್ದು ಗೋವಾಕ್ಕೆ ಬಂದ ಮೇಲೆ, ಅದೂ ನಳದ ನೀರಿನ ಪಾಳಿಗೆ ಜಗಳಾಡಿ. ಜಗಳ ಮುಗಿದ ಮೇಲೆ ಅವರ ಮನೆ ನಮ್ಮ ಮನೆ ಎಂಬ ಭೇದ ಉಳಿಯಲಿಲ್ಲ. ಭಾನುವಾರ ಬಂತೆಂದರೆ ಚಾಚಾ, ಚಾಚಿ, ನಾವು ನಾಲ್ವರು, ಎಲ್ಲರೂ ಟೆಂಪೋ ಹತ್ತಿ ಹೊಳೆಯ ಒಡ್ಡಿಗೆ ಮೀನು ಹಿಡಿಯಲು ಹೋಗುತ್ತಿದ್ದೆವು.

ಒಡ್ಡಿನ ಒಂದು ಕಡೆ ಉಪ್ಪುನೀರು ನುಗ್ಗುವ ತಗ್ಗಿನ ಗಜನಿ ಗದ್ದೆ, ಇನ್ನೊಂದು ಕಡೆ ಹೊಳೆ. ನಡುವೆ ಮರದ ಹಲಗೆಯ ನೀರಿನ ಬಾಗಿಲು. ಸಮುದ್ರ ಉಬ್ಬಿದಾಗ ಹೊಳೆಯ ನೀರು ಹಿಂದಕ್ಕೆ ಹರಿದು ಬಂದು ಆ ಬಾಗಿಲನ್ನು ಒತ್ತುತ್ತಿತ್ತು. ಇಳಿದಾಗ ಗದ್ದೆಯ ನೀರು ಬಾಗಿಲು ತೆರೆದು ಹೊರಗೆ ನುಗ್ಗುತ್ತಿತ್ತು. ಆ ಸೆಳೆತಕ್ಕೆ ಮೀನು ಬಂದು ಸೇರುತ್ತಿದ್ದವು. ಹೊಳೆ ಹಿಂದಕ್ಕೆ ಹರಿಯುವುದನ್ನು ಮೊದಲ ಸಲ ಕಂಡ ದಿನ ಅಪ್ಪ ಹಣೆ ಚಚ್ಚಿಕೊಂಡಿದ್ದನಂತೆ. "ಇಂಥಾ ಹೊಳಿ ನಂಬಬಾರದು. ಮುಂಜಾನೆ ಒಂದು ಮಾತು, ಸಂಜಿಗೆ ಒಂದು ಮಾತು" ಎನ್ನುತ್ತಿದ್ದ.

ನಮ್ಮಲ್ಲಿ ಮೀನು ಹಿಡಿಯುವ ಕೈಗುಣ ಇದ್ದದ್ದು ಅಕ್ಕನಿಗೆ. ಗಾಳದ ದಾರವನ್ನು ಅವಳು ಒಂದು ಹಸಿರು ಬಾಟಲಿಗೆ ಸುತ್ತಿಟ್ಟುಕೊಂಡಿದ್ದಳು. ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಇಲ್ಲಿಯ ಬೇರೆ ಜನ ಗಾಳಕ್ಕೆ ಸಿಗಡಿ ಚುಚ್ಚಿದರೆ ಅಕ್ಕ ರಾತ್ರಿ ಉಳಿದ ಜೋಳದ ರೊಟ್ಟಿಯನ್ನು ನೆನೆಸಿ, ಒಂದಿಷ್ಟು ಗೋಧಿ ಹಿಟ್ಟು ಹಾಕಿ ನಾದಿ, ಗೋಲಿಯಂತೆ ಉಂಡೆ ಮಾಡುತ್ತಿದ್ದಳು. ಅಂಗೈ ಅಗಲದ ಪಟ್ಟೆ ಪಟ್ಟೆ ಮೀನು, ಕಾಳುಂದ್ರ, ಅದಕ್ಕೇ ಬಾಯಿ ಹಾಕುತ್ತಿತ್ತು.

"ಇಲ್ಲಿ ಮೀನಿಗೆ ರೊಟ್ಟಿ ರುಚಿ ಹಚ್ಚಿದಾಕಿ ಇಕಿನ ನೋಡ್ರಿ" ಎಂದು ಚಾಚಾ ನಗುತ್ತಿದ್ದ. "ಮುಂದಿನ ವಾರ ಅವು ಶೇಂಗಾ ಚಟ್ನಿನೂ ಕೇಳ್ತಾವು."

ಆ ಬಾಟಲಿಗಾಗಿ ನಾನು ಅಕ್ಕನ ಬೆನ್ನು ಬಿದ್ದಿದ್ದೆ. ಅವಳದು ಒಂದೇ ಷರತ್ತು. "ಯಾರೂ ಕೈ ಹಚ್ಚದಾಂಗ ಒಂದು ಮೀನ ನೀ ಹಿಡಿ. ಅವತ್ತ ಕೊಡ್ತೀನಿ." ಈ ಷರತ್ತನ್ನು ನೆನಪಿಡಿ, ಆಮೇಲೆ ಬೇಕಾಗುತ್ತದೆ.

ನೆನಪಿಡಬೇಕಾದ್ದು ಇನ್ನೊಂದಿದೆ, ಅದು ಪಾಲು ಹಾಕುವ ಪದ್ಧತಿ. ಊರಿನಲ್ಲಿ ಹಬ್ಬಕ್ಕೆ ಕುರಿ ಕೊಯ್ದಾಗ ಮಾಡುವಂತೆಯೇ ಇಲ್ಲಿ ಮೀನಿಗೂ ಮಾಡುತ್ತಿದ್ದರು. ಒಡ್ಡಿನ ಮೇಲೆ ಬಾದಾಮಿ ಮರದ ಅಗಲ ಎಲೆಗಳನ್ನು ಹಾಸಿ, ಹಿಡಿದ ಮೀನನ್ನೆಲ್ಲ ತಲೆಗೊಂದರಂತೆ ಗುಂಪಿ ಮಾಡುವುದು. ಮನೆಯಲ್ಲಿ ಉಳಿದವರಿಗೂ ಒಂದು ಗುಂಪಿ. ಆಮೇಲೆ ಎಲ್ಲರಿಗಿಂತ ಚಿಕ್ಕವರು ಬೆನ್ನು ತಿರುಗಿಸಿ ಕಣ್ಣು ಮುಚ್ಚಿ ನಿಲ್ಲಬೇಕು. ಹಿಂದಿನಿಂದ ಅಪ್ಪ ಒಂದು ಗುಂಪಿಯ ಮೇಲೆ ಕೈಯಿಟ್ಟು "ಇದು ಯಾರದು?" ಎಂದು ಕೇಳುತ್ತಾನೆ. ಚಿಕ್ಕವರು ಯಾರ ಹೆಸರು ಹೇಳಿದರೆ ಅದು ಅವರದು. ನೋಡದವರು ಮೋಸ ಮಾಡಲಾರರು ಎಂಬುದು ಅದರ ನ್ಯಾಯ. ಎಲ್ಲರಿಗಿಂತ ಚಿಕ್ಕವಳು ನಾನೇ ಆದ್ದರಿಂದ ಆ ಕೆಲಸ ಯಾವಾಗಲೂ ನನ್ನದು.

ಆ ವಾರ ಊರಿನಿಂದ ಸುದ್ದಿ ಬಂದಿತ್ತು. ಅಜ್ಜಿ ಹಿತ್ತಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ದೊಡ್ಡವರು ಮೆಲ್ಲಗೆ ಮಾತಾಡುತ್ತಿದ್ದರು. ನಾನು ಒಳಗೆ ಹೋದರೆ ಮಾತು ಬದಲಿಸುತ್ತಿದ್ದರು.

ಭಾನುವಾರ ಬೆಳಿಗ್ಗೆ ಅಕ್ಕ ಹೊಸ್ತಿಲ ಮೇಲೆ ಕೂತಿದ್ದಳು. ರೊಟ್ಟಿಯ ಉಂಡೆಗಳನ್ನು ಆಗಲೇ ಡಬ್ಬಿಗೆ ತುಂಬಿದ್ದಳು. "ನನಗ ಹೊಟ್ಟಿ ನೋಯಾಕತ್ತೈತಿ. ನೀವು ಹೋಗ್ರಿ" ಎಂದಳು. ಅವಳ ಜೊತೆ ಅವ್ವ ಮನೆಯಲ್ಲಿ ಉಳಿಯುವುದೆಂದಾಯಿತು. ನಾನೂ ಉಳಿಯುತ್ತೇನೆಂದು ಹಟ ಹಿಡಿದೆ. ಆಗ ಅಕ್ಕ ಎದ್ದು ಒಳಗೆ ಹೋಗಿ ಹಸಿರು ಬಾಟಲಿ ತಂದು ನನ್ನ ಕೈಗಿಟ್ಟಳು.

"ನಾ ಇನ್ನೂ ಒಂದೂ ಹಿಡದಿಲ್ಲಲ್ಲ" ಎಂದೆ.

"ಇವತ್ತ ಹಿಡೀತಿ, ಹೋಗು. ದೊಡ್ಡದು ತಾ. ತಲಿ ಮಾತ್ರ ನಂದು."

ಮೀನಿನ ತಲೆಗಾಗಿ ನಾವಿಬ್ಬರೂ ದಿನಾ ಕಿತ್ತಾಡುತ್ತಿದ್ದೆವು. ಆ ದಿನ ಬಿಟ್ಟುಕೊಟ್ಟೆ. ಬಾಟಲಿ ಎದೆಗೊತ್ತಿಕೊಂಡು ಟೆಂಪೋ ಹತ್ತಿದೆ. ತಿರುಗಿ ನೋಡಿದೆನೋ ಇಲ್ಲವೋ ನೆನಪಿಲ್ಲ. ನೋಡಿದ್ದೆ ಎಂದುಕೊಳ್ಳುವುದು ನನಗೆ ಇಷ್ಟ, ಆದರೆ ಇಷ್ಟವೆಂಬುದು ಪುರಾವೆಯಲ್ಲ.

ಆ ದಿನ ಚೆನ್ನಾಗಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ನೀರು ಇಳಿಯುತ್ತಿತ್ತು. ಕೆಸರಿನಿಂದ ಉಪ್ಪುಪ್ಪಾದ ಕೊಳೆತ ವಾಸನೆ ಏಳುತ್ತಿತ್ತು. ಏಡಿಗಳು ತೂತಿನಿಂದ ಇಣುಕಿ ಒಳಗೋಡುತ್ತಿದ್ದವು. ಹಲಗೆಯ ಸಂದಿಯಿಂದ ನೀರು ಗುಳುಗುಳು ಎನ್ನುತ್ತಾ ನುಗ್ಗುತ್ತಿತ್ತು. ಚಾಚಿ ಕೊಟ್ಟ ಚಹಾದಲ್ಲಿ ಏಲಕ್ಕಿ ಇತ್ತು. ನಾನು ದಾರ ಸಿಕ್ಕು ಹಾಕಿದೆ, ಅಪ್ಪ ಬೈಯಲಿಲ್ಲ. ಒಂದು ಗಾಳವನ್ನು ಕಲ್ಲಿಗೆ ಸಿಕ್ಕಿಸಿ ಹರಿದೆ, ಆಗಲೂ ಬೈಯಲಿಲ್ಲ. ಸೋಡಾ ಬೇಕೆಂದೆ, ದೂರದ ಅಂಗಡಿಗೆ ನಡೆದು ಹೋಗಿ ತಂದುಕೊಟ್ಟ. ಅಪ್ಪ ಒಂದು ದಿನವಿಡೀ ಬೈಯದೇ ಇದ್ದರೆ ಏನೋ ಇದೆ ಎಂದು ಈಗಿನ ನಾನಾಗಿದ್ದರೆ ತಕ್ಷಣ ಹಿಡಿಯುತ್ತಿದ್ದೆ. ಆಗ ಸೋಡಾ ಕುಡಿದೆ, ಅಷ್ಟೇ.

ಮಧ್ಯಾಹ್ನದ ಹೊತ್ತಿಗೆ ದಾರ ಎಳೆಯಿತು. ಮೊದಲು ಬೆರಳಿಗೆ ಸಣ್ಣಗೆ ಟಕ್ ಟಕ್ ಎಂದಿತು, ಆಮೇಲೆ ಯಾರೋ ಕೈ ಹಿಡಿದು ಜಗ್ಗಿದಂತೆ. ಚಾಚಾ ಓಡಿ ಬಂದ. "ಯಾರೂ ಮುಟ್ಟಬ್ಯಾಡ್ರಿ" ಎಂದು ಕೂಗಿದೆ. ದಾರ ಅಂಗೈಯನ್ನು ಕೊಯ್ಯುತ್ತಿದ್ದರೂ ಎಳೆದೆ. ಮೇಲೆ ಬಂದದ್ದು ನನ್ನ ಎರಡು ಅಂಗೈ ಸೇರಿಸಿದರೂ ಸಾಲದಷ್ಟು ದೊಡ್ಡ ಕಾಳುಂದ್ರ. ಬಿಸಿಲಿಗೆ ಅದರ ಪಟ್ಟೆಗಳು ಹೊಳೆದವು. ಬೆನ್ನಿನ ಮುಳ್ಳು ಚುಚ್ಚಿ ರಕ್ತ ಬಂತು. ನಾನು ಕುಣಿದೆ. ಅಪ್ಪ ನಕ್ಕ, ಚಾಚಿ ಚಪ್ಪಾಳೆ ತಟ್ಟಿದಳು. "ಅಕ್ಕಗ ತೋರಸ್ಬೇಕು, ತಲಿ ಅಕಿದು" ಎಂದು ನಾನು ಹೇಳಿದ್ದಕ್ಕೆ ಚಾಚಾ "ಹೌದವ್ವಾ" ಎಂದು ಹೊಳೆಯ ಕಡೆ ನೋಡಿದ.

ಸಂಜೆ ಎಲೆ ಹಾಸಿದರು. ನಾನು ಬೆನ್ನು ತಿರುಗಿಸಿ ಕಣ್ಣು ಮುಚ್ಚಿ ನಿಂತೆ. ನನ್ನದೊಂದು ಲೆಕ್ಕಾಚಾರವಿತ್ತು. ಕೊನೆಯ ಗುಂಪಿಗೆ ಉಳಿದುಬಳಿದ ಚಿಲ್ಲರೆ ಮೀನನ್ನೂ ಸುರಿಯುವುದು ರೂಢಿ. ಆದ್ದರಿಂದ ಅಕ್ಕನ ಹೆಸರನ್ನು ಕೊನೆಗೆ ಇಟ್ಟುಕೊಂಡೆ.

"ಇದು ಯಾರದು?" ಎಂದ ಅಪ್ಪ.

"ಚಾಚಾಂದು."

"ಇದು?"

"ಚಾಚಿದು." ಆಮೇಲೆ ಅಪ್ಪನದು, ಆಮೇಲೆ ಅವ್ವನದು, ಆಮೇಲೆ ನನ್ನದು.

ಮುಂದಿನ ಪ್ರಶ್ನೆಗೆ ಕಾದೆ. ಪ್ರಶ್ನೆ ಬರಲಿಲ್ಲ. ಅಪ್ಪ ಮರೆತಿರಬೇಕೆಂದು ನಾನೇ "ಅಕ್ಕಂದು" ಎಂದೆ. ತಿರುಗಿ ನೋಡಿದರೆ ಅಲ್ಲಿದ್ದದ್ದು ಐದೇ ಗುಂಪಿ, ಆರನೆಯದು ಇರಲೇ ಇಲ್ಲ.

"ಅಕ್ಕಂದು ಎಲ್ಲಿ?"

ಚಾಚಾ ತನ್ನ ಗುಂಪಿಗೆ ಕೈ ಹಾಕಿದ. "ಮರತೀವಿ ನೋಡವ್ವಾ. ತಗೋ, ನಂದರಾಗಿಂದು ತಗಿ."

"ಬ್ಯಾಡ ಬಿಡ್ರಿ" ಎಂದ ಅಪ್ಪ. ನನ್ನ ಕಡೆ ನೋಡದೆ ಎಲೆ ಮಡಚುತ್ತಾ, "ಅಕಿಗೆ ಹೊಟ್ಟಿ ನೋವಲ್ಲ. ಮೀನ ತಿನ್ನಾಂಗಿಲ್ಲ" ಎಂದ.

"ಅವ್ವಗ ಜ್ವರ ಬಂದಾಗ ಪಾಲು ಹಾಕಿದ್ರಿ. ಆಕಿ ತಿಂದಿದ್ದಿಲ್ಲ, ಆದ್ರೂ ಹಾಕಿದ್ರಿ."

ಅದು ನನ್ನ ಬದುಕಿನ ಮೊದಲ ವಾದ. ಅದರಲ್ಲಿ ಗೆದ್ದೆ. ಅಂಥ ಗೆಲುವು ಮತ್ತೆ ಬೇಡ. ಚಾಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ಕಣ್ಣು ನೋಡಿ ನನಗೆ ಎಲ್ಲ ಗೊತ್ತಾಯಿತು. ಏನೆಂದು ಗೊತ್ತಾಗಲಿಲ್ಲ, ಆದರೆ ಅಲ್ಲಿದ್ದ ಎಲ್ಲರಿಗೂ ಗೊತ್ತಿದೆ, ನನಗೊಬ್ಬಳಿಗೆ ಗೊತ್ತಿಲ್ಲ ಎಂಬುದು ಗೊತ್ತಾಯಿತು. ಬೆಳಗಿನಿಂದ ನಕ್ಕವರು, ಚಪ್ಪಾಳೆ ತಟ್ಟಿದವರು, ಸೋಡಾ ತಂದುಕೊಟ್ಟವನು, ಎಲ್ಲರೂ.

ಅಪ್ಪನನ್ನು ಆ ಒಂದು ವಿಷಯಕ್ಕೆ ನಾನು ಇವತ್ತೂ ಮೆಚ್ಚುತ್ತೇನೆ, ಅದಕ್ಕಾಗಿಯೇ ಇವತ್ತೂ ಸಿಟ್ಟಾಗುತ್ತೇನೆ. ಮಗಳಿಗೆ ಸುಳ್ಳು ಹೇಳಬಲ್ಲವನು ಪಾಲಿಗೆ ಸುಳ್ಳು ಹೇಳಲಾರದೆ ಹೋದ. ಮನೆಯಲ್ಲಿ ಇಲ್ಲದವಳಿಗೆ ಪಾಲಿಲ್ಲ ಎಂದು ಅವನ ಕೈಯೇ ಲೆಕ್ಕ ಹಾಕಿಬಿಟ್ಟಿತ್ತು.

ಟೆಂಪೋದಲ್ಲಿ ಅಪ್ಪ ಹೇಳಿದ. ಅಕ್ಕನನ್ನು ಅವ್ವ ಮಡಗಾಂವಿನ ಬಸ್ ಸ್ಟ್ಯಾಂಡಿಗೆ ಕರೆದೊಯ್ದು ಊರಿನ ಬಸ್ಸು ಹತ್ತಿಸಿದ್ದಳು. ಕರೆದುಕೊಂಡು ಹೋಗಲು ಊರಿನಿಂದ ಮಾವ ಅಲ್ಲಿಗೆ ಬಂದಿದ್ದ. ಅಜ್ಜಿಯನ್ನು ನೋಡಿಕೊಳ್ಳಲು ಒಬ್ಬರು ಬೇಕಿತ್ತು. ರೊಟ್ಟಿ ಬಡಿಯಲು ಬರುತ್ತಿದ್ದದ್ದು ಅಕ್ಕನಿಗೆ, ನನಗಲ್ಲ. ನಾನು ಅತ್ತೆ. ಯಾರ ಪಾಲಿಗೂ ಹಾಕದೆ ನನಗೇ ಬಿಟ್ಟಿದ್ದ ಆ ದೊಡ್ಡ ಮೀನು ನನ್ನ ತೊಡೆಯ ಮೇಲೆ ಎಲೆಯಲ್ಲಿ ಸುತ್ತಿಕೊಂಡು ಸತ್ತೇ ಇತ್ತು, ಅದು ನಿಜ. ಕುಂಕಳ್ಳಿಯ ತಿರುವಿನಲ್ಲಿ ಯಾರೋ ಪರಿಚಯದವರು ಟೆಂಪೋ ನಿಲ್ಲಿಸಿ ಹುಡುಗಿ ಯಾಕೆ ಅಳುತ್ತಾಳೆಂದು ಕೇಳಿದರು. "ಮೀನ ಸತ್ತಿದ್ದಕ್ಕ ಅಳಾಕತ್ತಾಳ್ರಿ" ಎಂದ ಚಾಚಾ. ಎಲ್ಲರೂ ನಕ್ಕರು. ಕಥೆ ಹುಟ್ಟಿದ್ದು ಅಲ್ಲಿ.

ಮನೆಯಲ್ಲಿ ಅವ್ವ ಹೊರಗೆ ಹೋಗುವಾಗ ಉಡುವ ಸೀರೆಯಲ್ಲೇ ಕೂತು ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ಮೊಳೆಗೆ ಅಕ್ಕನ ಶಾಲೆಯ ಚೀಲ ನೇತಾಡುತ್ತಿತ್ತು. ಅದನ್ನು ಬಿಟ್ಟು ಹೋಗಿದ್ದಾಳೆಂದರೆ ನಾಳೆ ಬರುತ್ತಾಳೆ ಎಂದುಕೊಂಡೆ. ಆ ಚೀಲವನ್ನು ಮುಂದಿನ ವರ್ಷ ನನಗೆ ಕೊಟ್ಟರು. ಮೀನಿನ ತಲೆಯನ್ನು ನಾನು ತಿನ್ನಲಿಲ್ಲ. ಯಾರು ತಿಂದರೋ ಕೇಳಲಿಲ್ಲ.

ದೊಡ್ಡವಳಾದ ಮೇಲೆ ಅಪ್ಪನನ್ನು ಕೇಳಿದ್ದೇನೆ. "ಹೇಳಿದ್ರ ನೀ ಅತ್ತು ಕರದು ಅಕಿನ್ನ ಬಿಡ್ತಿದ್ದಿಲ್ಲ" ಎಂದ. ಸರಿ, ಅಳಬಾರದೆಂದು ಹೇಳಲಿಲ್ಲ. ಆದರೆ ಅಳುವುದೇನಾದರೂ ತಪ್ಪಿತೆ? ತಪ್ಪಿದ್ದು ಬಸ್ಸಿನ ಕಿಟಕಿಯ ಕೆಳಗೆ ನಿಂತು ಕೈ ಬೀಸುವುದೊಂದೇ. ಅಕ್ಕ ಮತ್ತೆ ಶಾಲೆಗೆ ಹೋಗಲಿಲ್ಲ. ಅಜ್ಜಿ ತೀರಿಕೊಂಡ ಮೇಲೆ ಮದುವೆಯಾಗಿ, ನಿಮ್ಮಪ್ಪನ ಕೆಲಸದಿಂದಾಗಿ ಇದೇ ಕುಂಕಳ್ಳಿಗೆ ಮರಳಿ ಬಂದಳು. ಬಂದ ಮೊದಲ ವಾರವೇ ಯಾರಿಂದಲೋ ಈ ಮೀನಿನ ಕಥೆ ಕೇಳಿ ನಕ್ಕು, ಆಮೇಲೆ ತಾನೇ ಕಣ್ಣಾರೆ ಕಂಡವಳಂತೆ ಹೇಳತೊಡಗಿದಳು.

ಈಗ ಒಡ್ಡಿನ ಮೇಲೆ ಸಿಮೆಂಟಿನ ಕಟ್ಟೆ ಇದೆ. ನಿಮ್ಮ ಬಳಿ ಚಕ್ರ ತಿರುಗಿಸಿದರೆ ದಾರ ಸುತ್ತಿಕೊಳ್ಳುವ ಗಾಳವಿದೆ. ನೀವು ಮೀನು ಹಿಡಿದ ಕ್ಷಣದಲ್ಲೇ ಮನೆಯಲ್ಲಿ ಉಳಿದವರ ಮೊಬೈಲಿಗೆ ಫೋಟೋ ಬಂದು ಬೀಳುತ್ತದೆ. ಫ್ರಿಜ್ ಇರುವುದರಿಂದ ಪಾಲು ಹಾಕುವ ಕೆಲಸವೇ ಇಲ್ಲ. ನಿಮ್ಮನ್ನು ಯಾರೂ ಬೆನ್ನು ತಿರುಗಿಸಿ ಕಣ್ಣು ಮುಚ್ಚಿ ನಿಲ್ಲಿಸಿಲ್ಲ. ನಿಮ್ಮವ್ವ ಅಂಗಡಿಗೆ ಹೋದರೂ ನಿಮಗೆ ಹೇಳಿಯೇ ಹೋಗುತ್ತಾಳೆ, ಗಮನಿಸಿದ್ದೀರಾ? ಹಾಲು ತರಲು ಹೋಗುವಾಗಲೂ ಇಬ್ಬರ ಹೆಸರು ಹಿಡಿದು ಕರೆದು, ನೀವು ತಿರುಗಿ ನೋಡಿದ ಮೇಲೇ ಚಪ್ಪಲಿ ಮೆಟ್ಟುತ್ತಾಳೆ.

ಬರುವ ಭಾನುವಾರ ನಾವೆಲ್ಲ ಹೊಳೆಗೆ ಹೋಗುತ್ತಿದ್ದೇವೆ. ಹಸಿರು ಬಾಟಲಿಯನ್ನು ನಾನು ತರುತ್ತೇನೆ, ಅದರ ದಾರ ಹಳದಿಯಾಗಿದೆ. ನಿಮ್ಮವ್ವ ಆ ಕಥೆ ತೆಗೆದರೆ ನಗಬೇಡಿ ಎಂದು ನಾನು ಹೇಳುವುದಿಲ್ಲ. ನಕ್ಕ ಮೇಲೆ ಈ ಕಾಗದದ ಕೊನೆಗೆ ಬರೆದ ನನ್ನ ಪ್ರಶ್ನೆಯನ್ನು ಅವಳಿಗೆ ಓದಿ ಹೇಳಿ. ಎದುರಿಗೆ ನಿಂತು ಕೇಳಲು ಹೋದಾಗಲೆಲ್ಲ ನಾನು ಬೇರೇನೋ ಮಾತು ತೆಗೆಯುತ್ತೇನೆ.

ಅಕ್ಕಾ, ಷರತ್ತು ಮುಗಿಯೂ ಮೊದಲೇ ಬಾಟಲಿ ಕೊಟ್ಟಿ ಅಂದ್ರ ನೀ ಊರಿಗೆ ಹೊಂಟಿದ್ದು ನಿನಗ ಗೊತ್ತಿತ್ತು. ಗೊತ್ತಿದ್ದಮ್ಯಾಲೆ ತಲಿ ನಂದು ಅಂತ ಯಾಕ ಅಂದಿ?